ಕಾಂಚನಾ ಗಾಳ ಹಾಕಿದ ದಿನ

ಹಿರಿಯರ ಗಾಳ ಸ್ಪರ್ಧೆಗೆ ಹೆಸರು ಕೊಟ್ಟು ಬಂದಿದ್ದೇನೆ ಎಂದು ಕಾಂಚನಾ ಗಂಡನಿಗೆ ಹೇಳಿದ್ದು ಊಟದ ನಡುವೆ, ಸಾರಿಗೆ ಉಪ್ಪು ಕಡಿಮೆಯಾಯಿತೇನೋ ಎನ್ನುವಷ್ಟು ಹಗುರವಾಗಿ. ಅವಳ ತಟ್ಟೆಯ ಮೀನಿನ ಮುಳ್ಳು ಬಿಡಿಸುತ್ತಿದ್ದ ನಂದಕುಮಾರ ಕೈ ನಿಲ್ಲಿಸಿದ.

“ಎಂತ ಸ್ಪರ್ಧೆ?”

“ಹೊಳೆ ಬದಿ ಕೂಕಂಡ್ ಮೀನ್ ಹಿಡೂದ್. ಅರವತ್ತ್ ದಾಟ್ದವ್ರಿಗೆ. ಗುನ್‌ಬ್ರಿಟ್ ಸೇರ್ ಅಂದ್ರ್, ನಾನ್ ಹ್ಞೂಂ ಅಂದೆ.”

“ನಿನ್ನ ಕೈ…” ಎಂದು ಶುರು ಮಾಡಿದವನು ಅಲ್ಲಿಗೇ ನುಂಗಿಕೊಂಡ.

“ಕೈ ಎರಡೂ ಇತ್ತಲ್ದಾ?” ಎಂದಳು ಕಾಂಚನಾ. ಮೇಜಿನ ಮೇಲಿದ್ದ ಅವಳ ಬಲಗೈ ಆಗ ತನ್ನ ಪಾಡಿಗೆ ತಾನು ನಡುಗುತ್ತ, ಪಕ್ಕದ ಚಮಚೆಯನ್ನು ತಟ್ಟೆಯ ಅಂಚಿಗೆ ಟಿಕಿಟಿಕಿ ಬಡಿಸುತ್ತಿತ್ತು. ಅವಳು ಎಡಗೈಯಿಂದ ಆ ಚಮಚೆಯನ್ನು ದೂರ ಸರಿಸಿ, ಮೀನು ಕೊಡಿ ಎಂಬಂತೆ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಕಾಂಚನಾ ಗಂಗೊಳ್ಳಿಯ ಹುಡುಗಿ. ಬಂದರಿನ ದೋಣಿಗಳಿಗೆ ಮಂಜುಗಡ್ಡೆ ಒದಗಿಸುವ ಐಸ್ ಪ್ಲಾಂಟಿನಲ್ಲಿ ಅವಳ ಅಪ್ಪಯ್ಯ ಮೇಸ್ತ್ರಿಯಾಗಿದ್ದರು. ಮನೆ ಅದರ ಬೆನ್ನಿಗೇ ಇತ್ತು. ಅಣ್ಣಂದಿರು ಸಂಜೆ ಜೆಟ್ಟಿಯ ತುದಿಯಲ್ಲಿ ಕಾಲು ಇಳಿಬಿಟ್ಟು ಗಾಳ ಹಾಕುವಾಗ ಇವಳಿಗೆ ಸಿಗುತ್ತಿದ್ದದ್ದು ಸಿಗಡಿ ಸುಲಿದು ಎರೆ ಮಾಡಿಕೊಡುವ ಕೆಲಸ ಮಾತ್ರ. ಒಮ್ಮೆ ಕೋಲು ಕೇಳಿದ್ದಕ್ಕೆ ದೊಡ್ಡಣ್ಣ, ಹೆಣ್ಣುಮಕ್ಕಳು ಮುಟ್ಟಿದರೆ ಮೀನು ಕಚ್ಚುವುದಿಲ್ಲ ಎಂದಿದ್ದನಂತೆ. ಅದನ್ನು ಹೇಳಿ ನಗುತ್ತಿದ್ದಳೇ ಹೊರತು ಅವಳಿಗೆ ಆ ಸಿಟ್ಟು ಪೂರ್ತಿ ಇಳಿದಿರಲಿಲ್ಲ ಎಂಬುದು ನಂದಕುಮಾರನಿಗೆ ಬಹಳ ತಡವಾಗಿ ಗೊತ್ತಾಯಿತು.

ಅವನದು ಕುಂದಾಪುರ. ಟೆಲಿಕಾಂ ಕೆಲಸ ಸಿಕ್ಕಿ ಸ್ವೀಡನ್ನಿನ ಕಾರ್ಲ್‌ಸ್ಕ್ರೂನಾಕ್ಕೆ ಬಂದಾಗ ಇಬ್ಬರೂ ಮೂವತ್ತರ ಅಂಚಿನಲ್ಲಿದ್ದರು. ಮಗಳು ಅಹನಾ ಇನ್ನೂ ತೊಡೆಯ ಮೇಲಿನ ಕೂಸು. ಅವನು ಆಫೀಸಿನ ಇಂಗ್ಲಿಷಿನಲ್ಲೇ ಕಾಲ ತಳ್ಳಿದ. ಕಾಂಚನಾ ಕೊಮ್ಮೂನಿನ, ಅಂದರೆ ಅಲ್ಲಿನ ನಗರಸಭೆಯ, ಸ್ವೀಡಿಷ್ ತರಗತಿಗೆ ಹೋಗಿ, ಮನೆಯಲ್ಲಿ ಗೋಡೆಯ ಜೊತೆ ಮಾತಾಡಿ, ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಒಂದು ದಾಗಿಸ್‌ನಲ್ಲಿ ಕೆಲಸ ಹಿಡಿದಳು. ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಆ ಜಾಗದಲ್ಲಿ ಅವಳು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದಳು. ಹಿಮ ಬಿದ್ದ ದಿನ ಒಂದು ಕೋಣೆ ತುಂಬ ಮಕ್ಕಳಿಗೆ ದಪ್ಪ ಉಡುಪು ಏರಿಸಿ, ಜಿಪ್ ಎಳೆದು, ಬೂಟು ತೊಡಿಸಿ, ಒಬ್ಬೊಬ್ಬರ ಹೆಬ್ಬೆರಳನ್ನು ಕೈಗವಸಿನ ಸರಿಯಾದ ತೂತಿಗೆ ಸೇರಿಸಬೇಕು. ಕೊನೆಯ ಮಗು ತಯಾರಾಗುವಷ್ಟರಲ್ಲಿ ಮೊದಲನೆಯದಕ್ಕೆ ಉಚ್ಚೆ ಬಂದಿರುತ್ತದೆ. ಮತ್ತೆ ಬಿಚ್ಚಬೇಕು. ಅವಳ ಕೈ ಹೇಗೆ ಓಡುತ್ತಿತ್ತು ಎಂದರೆ, ಬೇರೆಯವರು ಒಬ್ಬರನ್ನು ಮುಗಿಸುವುದರೊಳಗೆ ಇವಳ ಮೂವರು ಹೊರಗೆ ಹಿಮದಲ್ಲಿ ಹೊರಳಾಡುತ್ತಿದ್ದರು.

ಕಾಯಿಲೆಯನ್ನು ಮೊದಲು ಕಂಡುಹಿಡಿದದ್ದೂ ಅಲ್ಲಿನ ಒಂದು ಮಗುವೇ. “ಕಾಂಚನಾ, ನಿನ್ನ ಹೆಬ್ಬೆರಳು ಡ್ಯಾನ್ಸ್ ಮಾಡ್ತಿದೆ,” ಎಂದಿತ್ತು. ಅವಳು ನಕ್ಕು ಆ ಹೆಬ್ಬೆರಳನ್ನು ಮುಷ್ಟಿಯೊಳಗೆ ಅಡಗಿಸಿಕೊಂಡಳು. ವರ್ಷ ತಿರುಗುವುದರೊಳಗೆ ಅದು ಇಡೀ ಬಲಗೈಗೆ ಹಬ್ಬಿತು. ನಡಿಗೆ ಸಣ್ಣದಾಯಿತು, ಮುಖ ಬಿಗಿಯಿತು. ಪಾರ್ಕಿನ್ಸನ್ ಎಂದರು ಡಾಕ್ಟರು.

ನಂದಕುಮಾರ ಇಡೀ ವೃತ್ತಿಜೀವನ ಕೆಟ್ಟ ಲೈನುಗಳನ್ನು ಪತ್ತೆ ಮಾಡಿ ಸರಿಪಡಿಸಿದವನು. ಇದನ್ನೂ ಹಾಗೆಯೇ ಹಿಡಿದ. ತೂಕದ ಹಿಡಿಕೆಯ ಚಮಚೆ ತರಿಸಿದ, ರವಿಕೆಯ ಗುಂಡಿಗಳನ್ನೆಲ್ಲ ಕಿತ್ತು ಅಂಟುಪಟ್ಟಿ ಹಚ್ಚಿಸಿದ, ಬಚ್ಚಲಿಗೆ ಹಿಡಿಕಂಬಿ ಹಾಕಿಸಿದ, ಮಾತ್ರೆಯ ಹೊತ್ತಿಗೆ ಫೋನು ಕೂಗುವಂತೆ ಮಾಡಿದ. ಮಾತ್ರೆ ಏರಿದಾಗ ಅವಳು ಬಹುಮಟ್ಟಿಗೆ ಹಳೆಯ ಕಾಂಚನಾ. ಅದು ಇಳಿದಾಗ ಮೈಯೊಳಗೆ ಯಾರೋ ಬೀಗ ಹಾಕಿದಂತೆ. ಕುರ್ಚಿಯಿಂದ ಏಳಬೇಕೆಂದರೆ ಏಳಲಾಗದು, ಕೈ ಚಾಚಬೇಕೆಂದರೆ ಚಾಚಲಾಗದು. ಆ ಹೊತ್ತಿನಲ್ಲಿ ಅವನು ಪಕ್ಕದಲ್ಲಿ ಕೂತು ಗಡಿಯಾರ ನೋಡುತ್ತಿದ್ದ. ಅವನು ಕೊಂಡುತಂದ ಯಾವ ಸಾಮಾನೂ ಆ ಬೀಗಕ್ಕೆ ಕೀಲಿಯಾಗಲಿಲ್ಲ.

ಗುನ್‌ಬ್ರಿಟ್ ಅದೇ ದಾಗಿಸ್‌ನ ಅಡುಗೆಮನೆಯಲ್ಲಿದ್ದವಳು. ಕಾಂಚನಾಳಿಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ವಿಧವೆ, ಗಂಡಸಿನಂಥ ದೊಡ್ಡ ಕೈಗಳು, ಗಾಳದ ಕ್ಲಬ್ಬಿನಲ್ಲಿ ಎಲ್ಲರೂ ಹೆದರುವ ಸ್ಪರ್ಧಿ. ಕೆಲಸ ಬಿಟ್ಟು ಮನೆಯಲ್ಲಿ ಕೂತ ಕಾಂಚನಾಳನ್ನು ಒಂದು ವಸಂತದಲ್ಲಿ ಅವಳು ಹೇಳದೆ ಕೇಳದೆ ಕಾರಿಗೆ ಹತ್ತಿಸಿಕೊಂಡು ಲೂಕೆಬೀ ಹೊಳೆಗೆ ಕರೆದೊಯ್ದಳು. ಸಂಜೆ ಮರಳಿದಾಗ ಕಾಂಚನಾಳ ಪ್ಯಾಂಟು ಮೊಣಕಾಲಿನವರೆಗೆ ಕೆಸರು. ಮುಖದಲ್ಲಿ ನಗು ಮೂಡುವುದು ಕಷ್ಟವಾಗಿದ್ದ ದಿನಗಳವು. ಆದರೂ ಕಣ್ಣು ನಗುತ್ತಿತ್ತು.

“ಎಷ್ಟ್ ಸಿಕ್ತು?” ಎಂದು ಕೇಳಿದ ನಂದಕುಮಾರ.

“ಏಳೆಂಟ್. ಎಲ್ಲ ಬಿಟ್ಟೆ.”

“ಬಿಟ್ಯಾ?”

“ಬಿಡೂದೇ ಇಲ್ಲಿ ಕ್ರಮ. ಹಿಡೂದ್, ತೂಗೂದ್, ಬಿಡೂದ್.”

“ನಿನ್ನ ಅಪ್ಪಯ್ಯ ಕೇಂಡಿದ್ರೆ ಎದಿ ಒಡ್ಕಂತಿದ್ರ್,” ಎಂದು ಅವನು ಮನಸಾರೆ ನಕ್ಕ. ಆಮೇಲೆ ಅದು ವಾರವಾರದ ಸಂಗತಿಯಾಯಿತು. ಮೀನುಗಳನ್ನು ಹತ್ತಿರಕ್ಕೆ ಸೆಳೆಯಲು ನೀರಿಗೆ ಹಾಕುವ ರಸ್ಕಿನ ಪುಡಿಯ ಉಂಡೆಗೆ ಕಾಂಚನಾ ಹುರಿದ ಕೊತ್ತಂಬರಿ ಬೀಜ ಕುಟ್ಟಿ ಬೆರೆಸತೊಡಗಿದಳು. ಗುನ್‌ಬ್ರಿಟ್ ಮೂಸಿ ನೋಡಿ, ಮರುವಾರ ತನಗೂ ಒಂದು ಡಬ್ಬಿ ಬೇಕೆಂದಳು. ಹುಳು ಸಿಕ್ಕಿಸುವಾಗ ಕೈ ನಡುಗುತ್ತದೆ ಎಂದು ಕಾಂಚನಾ ಗೊಣಗಿದರೆ ಅವಳು, “ನಡುಗಲಿ ಬಿಡು. ಈ ಹೊಳೆಯಲ್ಲಿ ನಿನ್ನ ಹುಳುವಿನಷ್ಟು ಚೆನ್ನಾಗಿ ಕುಣಿಯೋ ಹುಳು ಯಾರ ಹತ್ತಿರವೂ ಇಲ್ಲ,” ಎನ್ನುತ್ತಿದ್ದಳಂತೆ. ಕಾಯಿಲೆಯ ಬಗ್ಗೆ ಹಾಗೆ ತಮಾಷೆ ಮಾಡುವ ಧೈರ್ಯ ನಂದಕುಮಾರನಿಗೆ ಯಾವತ್ತೂ ಬಂದಿರಲಿಲ್ಲ.

ಹೀಗಿರುವಾಗ ಸ್ಪರ್ಧೆಯ ಮಾತು ಬಂದದ್ದು. ರಾಜಧಾನಿಯ ಬಳಿಯ ಕಿಸ್ಟಾದಲ್ಲಿ ಕೆಲಸ ಮಾಡುವ ಅಹನಾ ವಿಷಯ ತಿಳಿದ ಕೂಡಲೇ ಅಪ್ಪನಿಗೆ ಫೋನು ಮಾಡಿದಳು.

“ಪಪ್ಪಾ, ಆರ್ ಯೂ ಸೀರಿಯಸ್? ಅಮ್ಮ ನೀರಿಗೆ ಬಿದ್ರೆ? ನೀವು ಹೇಗೆ ಲೆಟ್ ಮಾಡಿದ್ರಿ?”

“ನಾನ್ ಬಿಡೂಕೆ ಎಂತ ಇತ್ತ್ ಮಗಾ? ಅವ್ಳ್ ನನ್ನ ಕೇಣ್ಲೇ ಇಲ್ಲ.”

“ಯೂ ಶುಡ್ ಸ್ಟಾಪ್ ಹರ್.”

“ಹೌದು,” ಎಂದ ಅವನು. ಫೋನು ಇಟ್ಟ ಮೇಲೆ ನಿಲ್ಲಿಸುವುದು ಹೇಗೆ ಎಂದು ಬಹಳ ಹೊತ್ತು ಯೋಚಿಸಿದ. ದಾರಿ ಹೊಳೆಯಲಿಲ್ಲ.

ಆಗಸ್ಟ್ ಕೊನೆಯ ಶನಿವಾರ ಬೆಳಿಗ್ಗೆ ಅವರು ಹೊಳೆಯ ಬಳಿ ಇಳಿದಾಗ ಹುಲ್ಲಿನ ಮೇಲೆ ಇಬ್ಬನಿ ಇತ್ತು. ಮಡಿಸುವ ಮೇಜಿನ ಮೇಲೆ ಕಾಫಿ ಫ್ಲಾಸ್ಕುಗಳು, ದಾಲ್ಚಿನ್ನಿ ಬನ್ನುಗಳು. ಸುತ್ತ ಇಪ್ಪತ್ತು ಮೂವತ್ತು ಮಂದಿ ಬಿಳಿಗೂದಲಿನವರು. ಮಂಡಿ ಹಿಡಿದುಕೊಂಡು ಏಳುವವರು, ಕಿವಿಗೆ ಯಂತ್ರ ಹಾಕಿಕೊಂಡವರು, ಊರುಗೋಲಿನವರೊಬ್ಬರು. ನಂದಕುಮಾರನಿಗೆ ಸ್ವಲ್ಪ ಸಮಾಧಾನವಾಯಿತು. ಇಲ್ಲಿ ಎಲ್ಲರಿಗೂ ಏನಾದರೊಂದು ಕೆಟ್ಟಿದೆ ಅಂದುಕೊಂಡ.

ಸ್ಪರ್ಧೆ ನಡೆಸುವ ಶೆಲ್ ಎಂಬ ತೆಳ್ಳನೆಯ ಮನುಷ್ಯ ಎಲ್ಲರನ್ನೂ ಕರೆದು ನಿಯಮ ಓದಿದ. ಚೀಟಿ ಎತ್ತಿ ಬಂದ ಜಾಗದಲ್ಲೇ ಕೂರಬೇಕು. ಸಾಮಾನು ಹೊರಲು ಜೊತೆಗಾರರು ನೆರವಾಗಬಹುದು. ಆದರೆ ಮೊದಲ ಹಾರ್ನ್ ಆದ ಮೇಲೆ ಕೋಲು, ಎರೆ, ಬಲೆ, ಮೀನು ಯಾವುದನ್ನೂ ಸ್ಪರ್ಧಿಯಲ್ಲದೆ ಬೇರೆಯವರು ಮುಟ್ಟುವಂತಿಲ್ಲ. ಗೆಲುವು ಹಿಡಿದ ಮೀನಿನ ಒಟ್ಟು ತೂಕಕ್ಕೆ. ಕೊನೆಯ ಹಾರ್ನ್ ಆಗುವಾಗ ಗಾಳಕ್ಕೆ ಸಿಕ್ಕಿಯೂ ನೀರಿನಲ್ಲೇ ಇರುವ ಮೀನು ಲೆಕ್ಕಕ್ಕಿಲ್ಲ.

ನಂದಕುಮಾರ ಗುಂಪು ಚದುರಿದ ಮೇಲೆ ಶೆಲ್‌ನ ಬಳಿ ಹೋಗಿ, ತನ್ನ ಹೆಂಡತಿಗೆ ಹೀಗಿದೆ, ಹುಳು ಸಿಕ್ಕಿಸಿ ಕೊಡುವುದಕ್ಕಾದರೂ ಅವಕಾಶವಿದೆಯೇ ಎಂದು ಕೇಳಿದ. ಶೆಲ್ ಮೃದುವಾಗಿಯೇ ಉತ್ತರಿಸಿದ: “ನಿಮ್ಮ ಹೆಂಡತಿ ಹೆಸರು ಕೊಡುವಾಗಲೇ ನಾನು ಆ ಮಾತು ಎತ್ತಿದ್ದೆ. ಬೇಡ ಅಂದರು.”

ಕಾಂಚನಾಳಿಗೆ ಬಂದದ್ದು ಹೊಳೆ ಸ್ವಲ್ಪ ಬಾಗುವ ಕಡೆ, ಆಲ್ಡರ್ ಮರದ ನೆರಳಿನ ಜಾಗ. ಅದೃಷ್ಟಕ್ಕೆ ಗುನ್‌ಬ್ರಿಟ್ ಪಕ್ಕದಲ್ಲೇ. ನಂದಕುಮಾರ ಕುರ್ಚಿಯನ್ನು ಒತ್ತಿ ಒತ್ತಿ ನೆಲಕ್ಕೆ ಕೂರಿಸಿದ. ಹುಳುವಿನ ಡಬ್ಬಿಯನ್ನು ಬಲಕ್ಕೆ, ಹಿಡಿಕೆ ಬಲೆಯನ್ನು ಎಡಕ್ಕೆ ಇಟ್ಟ. ಹಿಡಿದ ಮೀನುಗಳನ್ನು ಜೀವಂತ ಇಡಲು ಉದ್ದನೆಯ ಬಲೆಚೀಲವನ್ನು ನೀರಿಗೆ ಇಳಿಬಿಟ್ಟ. ಆಮೇಲೆ ಹಿಂದಕ್ಕೆ ಬಂದು, ದಡದುದ್ದಕ್ಕೂ ಕಟ್ಟಿದ್ದ ಕೆಂಪು ಬಿಳಿ ಪಟ್ಟಿಯ ಆಚೆ ತನ್ನ ಸ್ಟೂಲು ಹಾಕಿಕೊಂಡು ಕೂತ. ಅವಳ ಬೆನ್ನು ಐದಾರು ಹೆಜ್ಜೆಯಾಚೆ.

ಹಾರ್ನ್ ಆಯಿತು.

ಮೊದಲು ಎಲ್ಲರೂ ಎರೆಯ ಉಂಡೆ ಎಸೆದರು. ಬೇರೆಯವರದು ಹೊಳೆಯ ನಡುವಿಗೆ ಗುಳುಂ ಎಂದು ಬಿತ್ತು. ಕಾಂಚನಾಳದು ಅವಳ ಕೈಯಿಂದ ಅರ್ಧಕ್ಕೇ ಜಾರಿ, ದಡಕ್ಕೆ ಹತ್ತಿರವೇ ಬಿದ್ದು ಒಡೆಯಿತು. ಎರಡನೆಯದೂ ಅಲ್ಲೇ. ನಂದಕುಮಾರನ ಬಾಯಿಂದ ‘ಚ್ಚ್’ ಎಂದು ಹೊರಟಿತು. ಅವಳು ತಿರುಗಲಿಲ್ಲ.

ಆಮೇಲೆ ಹುಳು ಸಿಕ್ಕಿಸುವ ಕೆಲಸ. ಅಕ್ಕಿಕಾಳಿನಷ್ಟು ಬಿಳಿ ಹುಳು, ಅದಕ್ಕಿಂತ ಸಣ್ಣ ಕೊಕ್ಕೆ. ಎಡಗೈಯಲ್ಲಿ ಕೊಕ್ಕೆ ಹಿಡಿದು, ಮೊಣಕೈಯನ್ನು ತೊಡೆಗೆ ಒತ್ತಿಕೊಂಡು, ಬಲಗೈಯ ಹುಳುವನ್ನು ಅವಳು ತಂದಳು. ಹುಳು ಕೊಕ್ಕೆಯ ಪಕ್ಕದಲ್ಲಿ ಹಾದುಹೋಯಿತು. ಮತ್ತೆ ತಂದಳು. ಮತ್ತೆ ಹಾದುಹೋಯಿತು. ಕೆಳಗೆ ಬಿತ್ತು. ಇನ್ನೊಂದನ್ನು ತೆಗೆದುಕೊಂಡಳು. ಪಕ್ಕದಲ್ಲಿ ಗುನ್‌ಬ್ರಿಟ್ ಆಗಲೇ ಮೊದಲ ಮೀನು ಎತ್ತಿ, ಬಲೆಗೆ ಹಾಕಿ, ಮತ್ತೆ ನೂಲು ಬಿಟ್ಟಿದ್ದಳು. ನಂದಕುಮಾರನಿಗೆ ತನ್ನ ಎರಡು ಬೆರಳುಗಳು ತಾವಾಗಿಯೇ ಚಿವುಟಿದಂತೆ ಕೂಡಿಕೊಂಡಿರುವುದು ಗಮನಕ್ಕೆ ಬಂತು. ಸ್ಥಿರವಾದ, ಆರೋಗ್ಯವಂತ ಬೆರಳುಗಳು. ಒಂದು ಕ್ಷಣದ ಕೆಲಸ. ಅವುಗಳನ್ನು ಜೇಬಿಗೆ ತುರುಕಿಕೊಂಡ.

ಕೊನೆಗೂ ಹುಳು ಸಿಕ್ಕಿತು, ನೂಲಿಗೆ ಕಟ್ಟಿದ ಬೆಂಡು ನೀರಿಗೆ ಬಿತ್ತು. ಹೊಳೆ ಅದನ್ನು ಮೆಲ್ಲಗೆ ಕೆಳಕ್ಕೆ ಒಯ್ದಿತು. ಕೆಂಪು ತುದಿ ಒಮ್ಮೆ ಕುಣಿದು ಒಳಗೆ ಹೋದದ್ದೇ ತಡ, ಕಾಂಚನಾ ಕೋಲು ಎತ್ತಿದಳು. ಆ ಎತ್ತುವಿಕೆಯಲ್ಲಿ ನಡುಕವೇ ಇರಲಿಲ್ಲ. ಅಂಗೈ ಉದ್ದದ ಬೆಳ್ಳಿ ಬಣ್ಣದ ಮೀನು, ಇಲ್ಲಿನವರು ಮೊರ್ಟ್ ಎನ್ನುವುದು, ಬಿಸಿಲಲ್ಲಿ ತೊನೆಯುತ್ತ ಅವಳ ಮಡಿಲಿಗೆ ಬಂತು. ಅದರ ಬಾಯಿಂದ ಕೊಕ್ಕೆ ಬಿಡಿಸುವುದಕ್ಕೆ ಮತ್ತಷ್ಟು ಹೊತ್ತು. ಅಷ್ಟರಲ್ಲಿ ಗುನ್‌ಬ್ರಿಟ್‌ಗೆ ಇನ್ನೆರಡು.

ಹೀಗೆ ಬೆಳಿಗ್ಗೆ ಸಾಗಿತು. ಪಕ್ಕದವರು ಹತ್ತು ಹಿಡಿಯುವಲ್ಲಿ ಇವಳು ಒಂದು. ನೂಲು ಒಮ್ಮೆ ಕೊಂಬೆಗೆ ಸುತ್ತಿಕೊಂಡಿತು. ಅದನ್ನು ಬಿಡಿಸಲು ಅವಳು ಕುರ್ಚಿಯಿಂದ ಎದ್ದು ನೀರಿನಂಚಿಗೆ ಹೋದಾಗ ನಂದಕುಮಾರ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದು ನಿಂತುಬಿಟ್ಟ. ಅವಳು ಬೀಳಲಿಲ್ಲ. ವಾಪಸು ಬಂದು ಕೂತಳು.

ಕೊನೆಯ ಗಂಟೆ ಶುರುವಾಗುವ ಸುಮಾರಿಗೆ ಮಾತ್ರೆಯ ಹೊತ್ತಾಯಿತು. ಫೋನು ಕೂಗಿತು. ಅದನ್ನು ಅಡಗಿಸಿ ಅವನು ಪಟ್ಟಿಯಾಚೆಯಿಂದಲೇ ಕರೆದ.

“ಕಾಂಚು, ಗುಳಿಗಿ.”

“ಈಗ ಬ್ಯಾಡ.”

“ಹೊತ್ತಾಯ್ತ್ ಮಾರಾಯ್ತಿ. ಆಮೇಲೆ ಕೈ ಹಿಡ್ಕಂತ್.”

“ಕಚ್ಚೂಕೆ ಶುರು ಮಾಡಿದ್ದೋ ಈಗ. ಹ್ವಾಯ್, ಸುಮ್ನೆ ಕೂಕಣಿ.”

ನಿಜವಾಗಿಯೂ ಕಚ್ಚತೊಡಗಿದ್ದವು. ಬೆಂಡು ಬಿದ್ದಲ್ಲೆಲ್ಲ ಮುಳುಗುತ್ತಿತ್ತು. ಒಂದು, ಇನ್ನೊಂದು, ಮತ್ತೊಂದು. ಅಷ್ಟು ಹೊತ್ತಿನಲ್ಲಿ ಮೊದಲ ಬಾರಿಗೆ ಅವಳ ಹೆಗಲು ಇಳಿದು ಸಡಿಲವಾದದ್ದು ಅವನಿಗೆ ಹಿಂದಿನಿಂದ ಕಾಣಿಸಿತು. ಮಾತ್ರೆ ಕೊಡುವುದಕ್ಕೆ ಪಟ್ಟಿ ದಾಟಬಹುದಿತ್ತು, ಅದಕ್ಕೆ ನಿಯಮದ ಅಡ್ಡಿಯಿರಲಿಲ್ಲ. ಆದರೆ ಅವಳ ಬಾಯಿಗೆ ತುರುಕುವುದಂತೂ ಸಾಧ್ಯವಿರಲಿಲ್ಲ. ಐದು ನಿಮಿಷ ಕಾಯೋಣ ಎಂದುಕೊಂಡ. ಆಮೇಲೆ ಇನ್ನೈದು. ಮತ್ತೆ ಕರೆದಾಗ ಅವಳು ಕೇಳಿಸದವಳಂತೆ ಇದ್ದಳು. ಅಂಗೈಯ ಬೆವರಿಗೆ ಮಾತ್ರೆ ಜಿಗುಟಾಗತೊಡಗಿತು.

ಮುಗಿಯಲು ಇನ್ನು ಕಾಲು ಗಂಟೆಯೂ ಇರಲಿಕ್ಕಿಲ್ಲ. ದಡದ ಹತ್ತಿರ, ಅವಳ ಉಂಡೆಗಳು ಜಾರಿ ಬಿದ್ದಿದ್ದಲ್ಲೇ, ಬೆಂಡು ಮುಳುಗಲಿಲ್ಲ. ಬದಲಿಗೆ ಅಡ್ಡ ಮಲಗಿ, ನಿಧಾನವಾಗಿ ಪಕ್ಕಕ್ಕೆ ಸರಿಯಿತು. ಕಾಂಚನಾ ಎತ್ತಿದಳು. ಕೋಲು ಎತ್ತಿದಷ್ಟೇ ಬಾಗಿ ನಿಂತಿತು. ಮೀನಿನ ಎಳೆತ ತಡೆಯಲೆಂದು ಕೋಲಿನೊಳಗೆ ಹಾಯಿಸಿದ್ದ ರಬ್ಬರ್ ಎಳೆ ತುದಿಯಿಂದ ಉದ್ದಕ್ಕೆ ಹೊರಬಂತು.

“ಬ್ರಾಕ್ಸೆನ್!” ಎಂದು ಆ ದೊಡ್ಡ ಮೀನಿನ ಹೆಸರು ಹೇಳಿದಳು ಗುನ್‌ಬ್ರಿಟ್, ತನ್ನ ಬೆಂಡಿನಿಂದ ಕಣ್ಣು ತೆಗೆಯದೆ. “ಎಳೀಬೇಡ. ಅದೇ ದಣಿಯಲಿ.”

ಕಾಂಚನಾ ಎಳೆಯಲಿಲ್ಲ. ಕೋಲಿನ ಬುಡವನ್ನು ಹೊಟ್ಟೆಗೆ ಆನಿಸಿ ಎರಡೂ ಕೈಯಿಂದ ಹಿಡಿದಳು. ಮೀನು ಹೊಳೆಯ ನಡುವಿಗೆ ಹೋಯಿತು, ತಿರುಗಿತು, ಮತ್ತೆ ಹೋಯಿತು. ಪಟ್ಟಿಯ ಹಿಂದೆ ಜನ ಸೇರಿದರು. ನಂದಕುಮಾರ ಸಂತೋಷದಲ್ಲಿ ಮಾತ್ರೆಯನ್ನು ಮರೆತೇಬಿಟ್ಟ.

ಮೀನು ದಣಿದು ಮೇಲೆ ಬಂತು. ಅಗಲವಾದ, ಕಂಚಿನ ಬಣ್ಣದ, ನಮ್ಮ ಕಡಲಿನ ಮಾಂಜಿಯ ಹಾಗೆ ಚಪ್ಪಟೆಯಾದ ಮೀನು. ಊಟದ ತಟ್ಟೆಗಿಂತ ದೊಡ್ಡದು. ಒಂದು ಮಗ್ಗುಲಿಗೆ ಮಲಗಿ, ಬಾಯಿ ತೆರೆದು ಮುಚ್ಚುತ್ತ, ರಬ್ಬರ್ ಎಳೆದತ್ತ ತಾನಾಗಿ ತೇಲಿ ದಡಕ್ಕೆ ಬಂದು ನಿಂತಿತು. ಇನ್ನು ಎಡಗೈಯಿಂದ ಬಲೆ ಎತ್ತಿ ಅದರ ಅಡಿಗೆ ಹಿಡಿಯುವುದಷ್ಟೇ ಬಾಕಿ. ಬಲೆ ಅವಳ ಕಾಲಿನ ಬಳಿಯೇ ಇತ್ತು.

ಕಾಂಚನಾ ಎತ್ತಲಿಲ್ಲ.

“ಬಲೆ,” ಎಂದರು ಯಾರೋ ಹಿಂದಿನಿಂದ. “ಬಲೆ ತೆಗೆದುಕೊಳ್ಳಿ!”

ಅವಳ ಎಡಗೈ ಕೋಲನ್ನು ಬಿಡಲಿಲ್ಲ. ಬೆರಳುಗಳು ಬಿಳಿಚಿಕೊಂಡು ಬಿಗಿದಿದ್ದವು. ಕುತ್ತಿಗೆ ಸೆಟೆದಿತ್ತು. ನಂದಕುಮಾರನಿಗೆ ಅವಳ ಮುಖ ಕಾಣುತ್ತಿರಲಿಲ್ಲ, ಕಾಣುವ ಅಗತ್ಯವೂ ಇರಲಿಲ್ಲ. ಬೀಗ ಬಿದ್ದಿತ್ತು. ಅವನು ಪಟ್ಟಿ ದಾಟಿ ಓಡಿ ಅವಳ ಕುರ್ಚಿಯ ಬಳಿ ನಿಂತ. ಕೈ ಬಲೆಯ ಕಡೆ ಹೋಯಿತು.

“ಮುಟ್ಬ್ಯಾಡಿ.” ಅವಳ ದನಿ ಹೊರಗೆ ಬಂದದ್ದು ಅಷ್ಟೇ, ಹಲ್ಲಿನ ನಡುವಿನಿಂದ.

“ಗುಳಿಗಿಯಾದ್ರೂ ತಕೋ.”

ಅವಳು ತುಟಿ ತೆರೆದಳು. ಅವನು ಮಾತ್ರೆ ಒಳಗಿಟ್ಟು ನೀರು ಕುಡಿಸಿದ. ಅರ್ಧ ನೀರು ಗಲ್ಲದ ಮೇಲೆ ಹರಿಯಿತು. ಆ ಮಾತ್ರೆ ಕೆಲಸ ಮಾಡಲು ಎಷ್ಟು ಹೊತ್ತು ಬೇಕೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮನೆಯಲ್ಲಾದರೆ ಅರ್ಧ ಗಂಟೆ ಕಾಯುವುದು ಏನೂ ಅಲ್ಲ.

ಶೆಲ್ ಬಂದು ನಿಂತಿದ್ದ. ಕುತ್ತಿಗೆಯಲ್ಲಿ ಹಾರ್ನ್ ನೇತಾಡುತ್ತಿತ್ತು. ನಂದಕುಮಾರ ಅವನ ತೋಳು ಹಿಡಿದ.

“ನಾನು ಮೀನು ಎತ್ತುವುದಿಲ್ಲ. ಬಲೆಯನ್ನು ಅವಳ ಕೈಗೆ ಕೊಡುತ್ತೇನೆ, ಅಷ್ಟೇ. ದಮ್ಮಯ್ಯ.”

“ನೀವು ಕೊಡಬಹುದು, ನಾನು ತಡೆಯುವುದಿಲ್ಲ,” ಎಂದ ಶೆಲ್. ಅವನ ಕಣ್ಣೂ ನೀರಿನ ಮೇಲಿದ್ದ ಮೀನಿನಲ್ಲೇ ಇತ್ತು. “ಆದರೆ ಕೊಟ್ಟರೆ ಅವರ ಹೆಸರು ತೆಗೆಯಬೇಕಾಗುತ್ತದೆ. ಬೆಳಗಿನಿಂದ ಹಿಡಿದದ್ದೆಲ್ಲ ಹೋಗುತ್ತದೆ. ಅವರನ್ನೇ ಕೇಳಿ.”

ಅವನು ಬಗ್ಗಿ ಅವಳ ಕಿವಿಯ ಬಳಿ ಕೇಳಿದ. “ಕೊಡ್ಲಾ, ಕಾಂಚು?”

“ಬ್ಯಾಡ.”

ಹಾಗಾಗಿ ಎಲ್ಲರೂ ನಿಂತು ನೋಡಿದರು. ಒಂದು ತೋಳಿನಷ್ಟು ದೂರದಲ್ಲಿ ಮೀನು ಮಲಗಿತ್ತು. ಅದಕ್ಕೂ ಓಡಲು ಶಕ್ತಿಯಿರಲಿಲ್ಲ. ಬಲೆ ಹುಲ್ಲಿನಲ್ಲಿ ಬಿದ್ದಿತ್ತು. ಕಾಂಚನಾಳ ಎಡಗೈಯ ಕಿರುಬೆರಳೊಂದು ಕೋಲಿನಿಂದ ಸ್ವಲ್ಪ ಬಿಟ್ಟುಕೊಂಡಿತು. ಆಮೇಲೆ ಅದರ ಪಕ್ಕದ್ದು. ಕೈ ಕೋಲಿನಿಂದ ಬೇರ್ಪಟ್ಟು, ಮೊಣಕಾಲಿನವರೆಗೆ ಇಳಿದು, ಅಲ್ಲೇ ನಿಂತು ಗಡಗಡ ನಡುಗತೊಡಗಿತು. ಬಲೆಯ ಹಿಡಿಕೆ ಅಲ್ಲಿಂದ ಒಂದು ಗೇಣು ಕೆಳಗೆ. ಆ ಒಂದು ಗೇಣು ಅವಳಿಗೆ ಬಗ್ಗಲಾಗಲಿಲ್ಲ. ನಂದಕುಮಾರ ಜೀವಮಾನದಲ್ಲಿ ಯಾವುದನ್ನೂ ಹಾಗೆ ಬೇಡಿಕೊಂಡಿರಲಿಲ್ಲ. ಯಾರನ್ನು ಬೇಡುತ್ತಿದ್ದೇನೆ ಎಂದೂ ಗೊತ್ತಿರಲಿಲ್ಲ. ಗುನ್‌ಬ್ರಿಟ್ ಮಾತ್ರ ತನ್ನ ಪಾಡಿಗೆ ತಾನು ಮೊರ್ಟ್ ಎತ್ತುತ್ತಿದ್ದಳು, ಒಮ್ಮೆಯೂ ಇತ್ತ ತಿರುಗದೆ. ಅವಳ ಮೇಲೆ ನಂದಕುಮಾರನಿಗೆ ಮೈ ಉರಿಯುವಷ್ಟು ಸಿಟ್ಟು ಬಂತು.

ಶೆಲ್ ಗಡಿಯಾರ ನೋಡಿದ. ಹಾರ್ನ್ ಎತ್ತಿದ. ಸ್ವಲ್ಪ ತಡೆದನೇನೋ ಎಂದು ನಂದಕುಮಾರನಿಗೆ ಅನ್ನಿಸಿತು. ಊದಿದ.

ಮುಂದಿನದು ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ಸ್ಪರ್ಧೆ ಮುಗಿದಿತ್ತು, ಈಗ ಯಾರು ಬೇಕಾದರೂ ಮುಟ್ಟಬಹುದಿತ್ತು. ನಂದಕುಮಾರ ಬಲೆ ಎತ್ತಿ ಮೀನಿನ ಅಡಿಗೆ ಹಿಡಿದು ಮೇಲಕ್ಕೆ ತಂದ. ಎಷ್ಟು ಸುಲಭದ ಕೆಲಸವಾಗಿತ್ತು ಅದು! ಭಾರಕ್ಕೆ ಹಿಡಿಕೆ ಬಾಗಿತು. ಯಾರೋ ಚಪ್ಪಾಳೆ ತಟ್ಟಲು ಶುರು ಮಾಡಿ ನಿಲ್ಲಿಸಿದರು. ಶೆಲ್ ಬಂದು ತಕ್ಕಡಿಗೆ ಸಿಕ್ಕಿಸಿ ನೋಡಿದ. ಅಂದು ಹೊಳೆಯಿಂದ ಬಂದ ಮೀನುಗಳಲ್ಲೆಲ್ಲ ಅದೇ ದೊಡ್ಡದು. “ಲೆಕ್ಕಕ್ಕೆ ಬರುವುದಿಲ್ಲ. ಆದರೆ ಗೊತ್ತಿರಲಿ ಅಂತ ನೋಡಿದೆ,” ಎಂದ.

“ಇದನ್ನು ಅವಳೇ ಬಿಡಲಿ,” ಎಂದು ನಂದಕುಮಾರ ಕೇಳಿಕೊಂಡ. “ಸ್ವಲ್ಪ ಹೊತ್ತಿಗೆ ಕೈ ಬರುತ್ತದೆ.”

ಶೆಲ್ ಮೀನಿನ ಕಿವಿರುಗಳನ್ನು ನೋಡಿ ತಲೆಯಾಡಿಸಿದ. ಬಹಳ ದಣಿದಿದೆ, ಈಗಲೇ ಬಿಡದಿದ್ದರೆ ಬದುಕಲಿಕ್ಕಿಲ್ಲ. ನಂದಕುಮಾರ ನೀರಿನಂಚಿನಲ್ಲಿ ಮಂಡಿಯೂರಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಹರಿವಿಗೆ ಒಡ್ಡಿದ. ಬಹಳ ಹೊತ್ತು ಅದು ಸುಮ್ಮನಿತ್ತು. ಆಮೇಲೆ ಬಾಲ ಒಮ್ಮೆ ಅಲ್ಲಾಡಿ, ಅಂಗೈಯಿಂದ ಜಾರಿಹೋಯಿತು. ಅವನು ತಿರುಗಿ ನೋಡಿದ. ಕಾಂಚನಾ ಇನ್ನೂ ಮುಂದಿನ ನೀರನ್ನೇ ನೋಡುತ್ತ ಕೂತಿದ್ದಳು. ಮೀನು ಹೋದದ್ದು ಅವಳ ಎಡಗಡೆಗೆ. ಅತ್ತ ಕತ್ತು ಹೊರಳಿಸಲು ಅವಳಿಂದ ಆಗಿರಲಿಲ್ಲ.

ಅವಳ ಬಲಗೈಯ ಬೆರಳುಗಳನ್ನು ಅವನು ಕೋಲಿನಿಂದ ಒಂದೊಂದಾಗಿ ಬಿಡಿಸಿದ. ಗುನ್‌ಬ್ರಿಟ್ ಮೊದಲ ಸ್ಥಾನದ ಕಪ್ ಪಡೆದು, ಅದನ್ನು ಹುಲ್ಲಿನ ಮೇಲೆ ಬಿಸಾಕಿದಂತೆ ಇಟ್ಟು ಇವರ ಪಕ್ಕದಲ್ಲಿ ಕೂತಳು. ಕಾಂಚನಾ ಕೊನೆಯವಳಾಗಿರಲಿಲ್ಲ. ಅವಳ ಕೆಳಗೆ ಇಬ್ಬರಿದ್ದರು. ಆ ಬ್ರಾಕ್ಸೆನ್ ಬಂದಿದ್ದರೆ ಮೇಲಿನ ಐದರಲ್ಲಿರುತ್ತಿದ್ದಳು.

“ನೀನು ಒಮ್ಮೆಯೂ ಈ ಕಡೆ ನೋಡಲಿಲ್ಲ,” ಎಂದ ನಂದಕುಮಾರ, ತನ್ನ ಒರಟು ಸ್ವೀಡಿಷ್‌ನಲ್ಲಿ.

“ನೋಡಿದ್ದರೆ ನಾನು ಏನು ಮಾಡುತ್ತಿದ್ದೆ?” ಎಂದಳು ಗುನ್‌ಬ್ರಿಟ್. ಅವಳ ದೊಡ್ಡ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಆಮೇಲೆ ಮೂಗು ಸೀಟಿಕೊಂಡು ಕಾಫಿ ತರಲು ಎದ್ದುಹೋದಳು.

ಮನೆಗೆ ಬರುವಾಗ ಕಾರಿನಲ್ಲಿ ಅರ್ಧ ದಾರಿಗೆ ಕಾಂಚನಾಳ ಮಾತು ಮರಳಿತು.

“ಹ್ವಾಯ್, ಒಂದ್ ಮಾತ್ ಹೇಳ್ತೆ, ಬೇಜಾರ್ ಮಾಡ್ಕಂಬ್ಯಾಡಿ.”

“ಹೇಳ್.”

“ಮುಂದಿನ ಸಲ ನೀವ್ ಬರೂದ್ ಬ್ಯಾಡ.”

“ನಾನ್ ಎಂತ ಮಾಡ್ದೆ?”

“ಎಂತ ಮಾಡ್ಲಿಲ್ಲ. ಹಿಂದೆ ಕೂಕಂಡ್ ಉಸ್ರ್ ಬಿಟ್ರಿ. ಒಂದೊಂದ್ ಹುಳಕ್ಕೂ ಒಂದೊಂದ್ ಉಸ್ರ್. ನಂಗೆಲ್ಲ ಕೇಂತಿತ್ತ್. ಮೀನ್ ತಪ್ಪೂದ್ ನಂಗ್ ತಡ್ಕಂಬೂಕೆ ಆತ್ತ್. ನೀವ್ ನೋಡ್ತಿಪ್ಪೂದ್ ತಡ್ಕಂಬೂಕೆ ಆತಿಲ್ಲೆ.”

ಗುಳಿಗೆಯನ್ನು ಗದರಿಸಿಯಾದರೂ ಮೊದಲೇ ಕೊಡಬೇಕಿತ್ತು ಎಂದು ಅವನು ಆಗಿನಿಂದ ತನ್ನನ್ನೇ ಹಳಿದುಕೊಳ್ಳುತ್ತಿದ್ದ. ಈಗ ನೋಡಿದರೆ ಅವಳ ದೂರು ಅದಲ್ಲವೇ ಅಲ್ಲ. ಅವಳಿಗಾಗಿ ಮಾಡಲು ಅವನಲ್ಲಿ ಉಳಿದಿದ್ದದ್ದು ಜೊತೆಗಿರುವುದೊಂದೇ. ಅದೂ ಅವಳಿಗೆ ಭಾರವಾಗಿತ್ತು. ಆ ರಾತ್ರಿ ಅಹನಾ ಫೋನು ಮಾಡಿ ಹೇಗಾಯಿತು ಎಂದು ಕೇಳಿದಾಗ, “ನಿಂಗ್ ಅಮ್ಮ ಹೇಳ್ತಾಳೆ,” ಎಂದು ಕಾಂಚನಾಳಿಗೆ ಕೊಟ್ಟು ಬಾಲ್ಕನಿಗೆ ಹೋಗಿ ನಿಂತ. ಒಳಗೆ ಅವಳು ಕೈಯಗಲಿಸಲು ಹೆಣಗುತ್ತ, ಮೀನು ಎಷ್ಟು ದೊಡ್ಡದಿತ್ತು ಎಂದು ವಿಡಿಯೋದಲ್ಲಿ ಮಗಳಿಗೆ ತೋರಿಸುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಆ ವರ್ಷದ ಕೊನೆಯ ಸ್ಪರ್ಧೆ ಇತ್ತು. ನಂದಕುಮಾರ ಅವಳನ್ನು ಹೊಳೆಯ ಪಾರ್ಕಿಂಗ್‌ವರೆಗೆ ಬಿಟ್ಟ. ಗುನ್‌ಬ್ರಿಟ್ ಬಂದು ಚೀಲ ಎತ್ತಿಕೊಂಡಳು. ಇಬ್ಬರೂ ಮರಗಳ ನಡುವಿನ ಇಳಿಜಾರಿನಲ್ಲಿ ಮರೆಯಾಗುವವರೆಗೆ ಅವನು ಕಾರಿನಲ್ಲೇ ಕೂತು ನೋಡಿದ. ಅವಳ ನಡಿಗೆ ಆಗಸ್ಟಿಗಿಂತ ಸಣ್ಣದಾಗಿತ್ತು. ಮನೆಗೆ ಹೋಗಿ ಬಟ್ಟೆ ಒಗೆಯಲು ಹಾಕಿದ, ಅನ್ನಕ್ಕಿಟ್ಟ, ಏನೂ ಮಾಡದೆ ಸ್ವಲ್ಪ ಹೊತ್ತು ಅಡುಗೆಮನೆಯಲ್ಲಿ ನಿಂತ. ಹೇಳಿದ ಹೊತ್ತಿಗಿಂತ ಬಹಳ ಮೊದಲೇ ವಾಪಸು ಬಂದು ಕಿಟಕಿ ಇಳಿಸಿ ಕಾದ. ಅಲ್ಲಿಂದ ಹೊಳೆ ಕಾಣುವುದಿಲ್ಲ. ಒಮ್ಮೆ ಜನ ಕೂಗಿದ್ದು ಕೇಳಿಸಿತು. ಯಾರಿಗಾಗಿ, ಯಾಕಾಗಿ ಎಂದು ತಿಳಿಯಲಿಲ್ಲ. ಬಾಗಿಲ ಹಿಡಿಕೆಗೆ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

ಬಹಳ ಹೊತ್ತಿನ ಮೇಲೆ ಅವಳು ಇಳಿಜಾರು ಹತ್ತಿ ಬಂದಳು, ಗುನ್‌ಬ್ರಿಟ್‌ಳ ತೋಳು ಹಿಡಿದು. ಅವನು ಇಳಿಯಲಿಲ್ಲ. ಒಳಗಿನಿಂದಲೇ ಚಾಚಿ ಬಾಗಿಲು ತೆರೆದ. ಅವಳು ಸೀಟಿನಲ್ಲಿ ಕುಸಿದು ಕೂತು, ಉಸಿರು ಸುಧಾರಿಸಿಕೊಂಡಳು. ಕೈ ಬೆಲ್ಟಿನ ಕಡೆ ಹೋಗಿ, ಎರಡು ಸಲ ತಪ್ಪಿ, ಮಡಿಲಿಗೆ ಬಿತ್ತು.

ಅವನು ತನ್ನ ಕೈಗಳನ್ನು ಸ್ಟೀರಿಂಗ್ ಮೇಲೇ ಇಟ್ಟುಕೊಂಡ. ಅಷ್ಟನ್ನು ಕಲಿತಿದ್ದ.

“ಎರಡ್,” ಎಂದಳು ಅವಳು. “ಸಣ್ಣವ್.” ಆಮೇಲೆ, “ಬೆಲ್ಟ್ ಹಾಕಿ.”

ಅವನು ಬಾಗಿ ಅವಳ ಬೆಲ್ಟನ್ನು ಎಳೆದು ಸಿಕ್ಕಿಸಿ, ಕಾರು ತಿರುಗಿಸಿದ.